ಓದದೆ ಮುಗಿದ ಕೈ

ಫೆಬ್ರವರಿ ೨೭, ಗುರುವಾರ

ಚಿಕ್ಕಮ್ಮನ ರಕ್ತ ಇವತ್ತು ನನ್ನ ಲ್ಯಾಬಿಗೇ ಬಂತು. ಸಕ್ಕರೆ ನಾನೂರ ಎಂಬತ್ತು. ಯಂತ್ರವೇ ಕೆಟ್ಟಿರಲಪ್ಪಾ ಎಂದುಕೊಂಡು ಇನ್ನೊಮ್ಮೆ ನೋಡಿದೆ, ಅಷ್ಟೇ ಬಂತು. ವಾರ್ಡಿಗೆ ಓಡಿ, ಮಾತ್ರೆ ಯಾಕೆ ಬಿಟ್ಟೆ ಎಂದು ರೇಗಿದೆ.

“ನಿಮ್ಮ ದೊಡ್ಡಪ್ಪ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರಲ್ಲ, ಮಾತ್ರೆ ಬಿಟ್ಟು ಕಷಾಯ ಕುಡೀರಿ ಅಂತ. ನೀನೂ ಕೈ ಮುಗಿದಿದ್ದೆ. ಲ್ಯಾಬಿನೋನೇ ಒಪ್ಪಿದ್ಮೇಲೆ ಇನ್ನೇನು ಅಂದ್ಕೊಂಡೆ ಕಣೋ.”

ನಾನು ಕೈಮುಗಿದ ಗುರುತು ಒತ್ತಿದ್ದು ಆ ಮೆಸೇಜಿನ ಮೇಲಿದ್ದ ದೇವರ ಚಿತ್ರಕ್ಕೆ. ಒತ್ತದಿದ್ದರೆ ದೊಡ್ಡಪ್ಪ ಮುನಿಸಿಕೊಳ್ಳುತ್ತಾರೆ. ಕೆಳಗೆ ಬರೆದದ್ದನ್ನು ಯಾವತ್ತೂ ಓದಿದವನಲ್ಲ.

ಈಗ ಮನೆಗೆ ಬಂದು ಹಳೆಯ ಮೆಸೇಜುಗಳನ್ನೆಲ್ಲ ಓದುತ್ತಿದ್ದೇನೆ. ಪ್ರತಿಯೊಂದಕ್ಕೂ ನಾನು ಕೈ ಮುಗಿದಿದ್ದೇನೆ. ಜನವರಿಯದೊಂದರಲ್ಲಿ, ಬಿ.ಪಿ. ಮಾತ್ರೆ ವಿಷವಂತೆ.

ಎದ್ದು ಹೋಗಿ ಅಮ್ಮನ ಬಿ.ಪಿ. ಮಾತ್ರೆ ಡಬ್ಬಿ ತೆರೆದೆ. ತಿಂಗಳು ಮುಗಿಯುತ್ತ ಬಂತು, ಡಬ್ಬಿ ತುಂಬಿದೆ. ಮಲಗಿದವಳ ಉಸಿರನ್ನೇ ಕೇಳುತ್ತ ಕೂತಿದ್ದೇನೆ.