ಕವಾಟಕ್ಕೆ ಕಟ್ಟಿದ ಸುಣ್ಣ

ನೋಡೇ,

ಇವತ್ತು ಹೃದಯದ ಡಾಕ್ಟರಮ್ಮ ನನ್ನ ಸ್ಕ್ಯಾನ್ ತೋರಿಸಿದರು. ಕವಾಟದ ತುಂಬ ಸುಣ್ಣ ಕಟ್ಟಿದೆ, ನಿನ್ನ ಕೆಟಲ್ಲಿನ ತಳದ ಹಾಗೆ. (ಅದನ್ನು ನಾನಿನ್ನೂ ಉಜ್ಜಿಲ್ಲ, ಬೈಯಬೇಡ.) ತೊಡೆಯ ರಕ್ತನಾಳದಿಂದ ತೂರಿಸುವ ಹೊಸ ಕವಾಟ ಆ ಗಂಟುಗಳ ನಡುವೆ ಸರಿಯಾಗಿ ಕೂರದೆ ಪಕ್ಕದಲ್ಲಿ ಸೋರಬಹುದಂತೆ, ಸುಣ್ಣದ ಚೂರು ಮಿದುಳಿಗೂ ಹೋಗಬಹುದಂತೆ.

"ಮೂರು ವರ್ಷದ ಹಿಂದೆ ಬಂದಿದ್ರೆ ಸುಲಭ ಇತ್ತು ಮೇಷ್ಟ್ರೇ. ಈಗ ಮಾಡಿದ್ರೂ ಕಷ್ಟ, ಬಿಟ್ರೂ ಕಷ್ಟ. ಏನ್ಮಾಡೋಣ?"

ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದೇ ನಾಲ್ಕು ಮಾತು. "ವೇಟ್ ಅಂಡ್ ಸೀ" ಬಾಯಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡೆ. ನಿನ್ನ ಕಾಲು ಊದಿದಾಗಲೂ ಅದನ್ನೇ ಹೇಳಿದ್ದೆ. "ಆಗಲಿ ಸಾಹೇಬ್ರೇ" ಅಂತ ನಕ್ಕಿದ್ದೆ ನೀನು. ಆಮೇಲೆ ನೀನಿದ್ದದ್ದು ಇಪ್ಪತ್ತೇ ದಿನ.

"ಮನೇಲಿ ಕೇಳಿ ಹೇಳ್ತೀನಿ" ಅಂದು ಎದ್ದುಬಂದೆ.

ಒಪ್ಪಿಗೆ ಪತ್ರ ಮೇಜಿನ ಮೇಲಿದೆ. ಕೇಳುತ್ತಿದ್ದೇನೆ, ಹೇಳೇ.