ಘಾಟಿಲ್ಲದ ಮೆಣಸಿನಕಾಯಿ

ರಾಜೀವನಗರ, ಮೈಸೂರು
೨೨-೪-೨೦೨೫, ಮಂಗಳವಾರ

ಪ್ರೀತಿಯ ಸರೋಜಕ್ಕನಿಗೆ,

ನಿನ್ನ ತಮ್ಮ ಮಹದೇವನ ನಮಸ್ಕಾರ. ಯುಗಾದಿಗೆ ನೀನು ಕೊಳ್ಳೇಗಾಲದಿಂದ ಕಳಿಸಿದ ಹುಣಸೆಹಣ್ಣು ತಲುಪಿತು, ಜೊತೆಗಿದ್ದ ಕಾಗದವೂ ತಲುಪಿತು. ಹುಣಸೆಹಣ್ಣು ಅರ್ಧ ಖರ್ಚಾದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ, ಬೈಯಬೇಡ. ಇದು ಮದುವೆಗಳ ಕಾಲ. ದೇವರಾಜ ಮೊಹಲ್ಲಾದ ನನ್ನ ಲಗ್ನಪತ್ರಿಕೆ ಅಂಗಡಿಯಲ್ಲಿ ಕೂತು ಬೇರೆಯವರ ಮಕ್ಕಳ ಸುಖಕ್ಕೆ ಪ್ರಾಸ ಹೊಸೆಯುವುದರಲ್ಲೇ ದಿನ ಹೋಗುತ್ತದೆ. ‘ಎರಡು ಮನ, ಒಂದೇ ಮನೆ; ನೀವು ಬಂದರೆ ಹಾಲಿಗೆ ಕೆನೆ’ ಎಂಬುದು ಈ ವರ್ಷ ಚೆನ್ನಾಗಿ ಓಡುತ್ತಿರುವ ಸಾಲು. ಕನ್ನಡದಲ್ಲಿ ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತಲ್ಲ.

ಫೋನು ಎತ್ತುವುದಿಲ್ಲ ಎಂದು ದೂರಿದ್ದೀಯ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ ಅಕ್ಕ. ನಮ್ಮ ಮನೆಯಲ್ಲಿ ನಾನು ‘ಹಲೋ’ ಎಂದರೆ ಪಕ್ಕದ ಮನೆಯ ಮಂಜುಳಮ್ಮ ‘ಹೇಳಿ’ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿದರೆ ನಿನಗಿಂತ ಮೊದಲು ಭಾವ ಓದುತ್ತಾರೆ. ಅದಕ್ಕೇ ಅಂಚೆಯನ್ನು ನಂಬಿದ್ದೇನೆ, ಅದನ್ನೂ ಪೂರ್ತಿಯಾಗಿ ಅಲ್ಲ. ಲಕೋಟೆಗೆ ಎರಡು ಸಲ ಗೋಂದು ಬಳಿಯುತ್ತೇನೆ. ಯಾರಾದರೂ ಬಿಚ್ಚಿ ಅಂಟಿಸಿದ ಹಾಗೆ ಕಂಡರೆ ಮೊದಲು ತಿಳಿಸು.

ವಿಷಯ ನಮ್ಮ ಸಿಂಚನಳದು.

ಅವಳನ್ನು ಹೇಗೆ ಬೆಳೆಸಿದ್ದೇವೆ ಎಂದು ನಿನಗೆ ಗೊತ್ತೇ ಇದೆ. ‘ಶೋಕೇಸಿನ ಗೊಂಬೆ’ ಎಂದು ಅಣಕಿಸಿದವಳೇ ನೀನು. ಹದಿನೇಳು ತುಂಬಿದರೂ ಒಬ್ಬಳೇ ಸಿಟಿ ಬಸ್ಸು ಹತ್ತಿಲ್ಲ. ಕಾಲೇಜಿಗೂ ನನ್ನ ಸ್ಕೂಟರು, ಟ್ಯೂಷನ್ನಿಗೂ ನನ್ನ ಸ್ಕೂಟರು. ದಾರಿಯಲ್ಲಿ ತಲೆ ತಗ್ಗಿಸಿ ನಡಿ, ಯಾರ ಮುಖವನ್ನೂ ನೋಡಬೇಡ ಎಂದು ಎಲ್‌ಕೆಜಿಯಿಂದ ಹೇಳಿಕೊಟ್ಟಿದ್ದೇನೆ. ಕುಸುಮಳಿಗೆ ಕಡಕೊಳದ ಫ್ಯಾಕ್ಟರಿಯಲ್ಲಿ ಮೊದಲ ಪಾಳಿ. ಕಂಪನಿ ಬಸ್ಸು ಬೆಳಕು ಹರಿಯುವ ಮೊದಲೇ ಬರುತ್ತದೆ. ಹಾಗಾಗಿ ಬೆಳಿಗ್ಗೆ ಜಡೆ ಹೆಣೆಯುವವನು ನಾನೇ. ‘ಅಪ್ಪಾ, ಬೊಟ್ಟು ಸರಿಯಾಗಿದ್ಯಾ?’ ಎಂದು ಅವಳು ಮುಖ ಮುಂದೆ ಮಾಡಿದಾಗ ನೋಡಿ ಹೇಳುವವನೂ ನಾನೇ. ಕನ್ನಡಿಗಿಂತ ಅಪ್ಪನ ಮೇಲೆ ನಂಬಿಕೆ ಆ ಹುಡುಗಿಗೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿದು ಅವಳು ಮನೆಯಲ್ಲೇ ಕೂತ ಮೇಲೆ ಅವಳ ಕೋಣೆಯ ಪರದೆಯಲ್ಲಿ ಒಂದು ತೂತು ಕಂಡೆ. ಅಂಚು ಕಪ್ಪಗೆ ಸುಟ್ಟಿತ್ತು, ಸಿಗರೇಟಿನ ತುದಿ ತಾಗಿಸಿದ ಹಾಗೆ. ಸ್ವಲ್ಪ ದಿನಕ್ಕೆ ಅದರ ಪಕ್ಕ ಇನ್ನೊಂದು. ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ. ಮುಂದಿನ ಕಥೆಯನ್ನೆಲ್ಲ ನಾನೇ ಕಟ್ಟಿಕೊಂಡೆ: ಕಿಟಕಿ, ಹುಡುಗ, ಸಿಗರೇಟು, ನನ್ನ ಅಂಗಡಿಯಲ್ಲಿ ಪತ್ರಿಕೆ ಕೂಡ ಅಚ್ಚಾಗದ ಮದುವೆ.

“ಯಾರದು?” ಎಂದು ಕೇಳಿದೆ.

“ಯಾರಪ್ಪಾ?”

“ಈ ಪರದೆ ಸುಟ್ಟೋನು.”

“ಯಾರೂ ಇಲ್ಲಪ್ಪ. ನಾನು ಸುಮ್ನೆ ಆಚೆ ನೋಡ್ತಾ ಕೂತಿದ್ದೆ. ಅದಾಗೇ ಆಗೋಯ್ತು.”

“ತಾನಾಗೇ ಆಗೋಕೆ ಅದೇನು ಮಳೆನಾ?”

ಅವಳು ತಲೆ ತಗ್ಗಿಸಿ ನೆಲ ನೋಡಿದಳು. ನಾನು ಅದನ್ನು ತಪ್ಪಿನ ಗುರುತು ಎಂದುಕೊಂಡೆ. ಅವಳ ಮೊಬೈಲು ಕಿತ್ತುಕೊಂಡು ಹುಡುಕಿದೆ. ರಂಗೋಲಿಯ ವಿಡಿಯೋಗಳು, ನಾನೇ ದಿನಾ ಬೆಳಿಗ್ಗೆ ಕಳಿಸಿದ ಪ್ರಾಸದ ಶುಭೋದಯಗಳು, ಬೇರೇನೂ ಇಲ್ಲ. ಏನೂ ಸಿಗದಿದ್ದುದೇ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಇಷ್ಟು ಶುಚಿಯಾದ ಫೋನು ಯಾರ ಹತ್ತಿರ ಇರುತ್ತದೆ ಹೇಳು?

ಒಂದು ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋಗುತ್ತೇನೆಂದು ಹೇಳಿ, ನಮ್ಮದೇ ತಾರಸಿ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಕೂತೆ. ನಮ್ಮದು ಮಹಡಿ ಮನೆಯಲ್ಲವೇ, ಸಿಂಚನಳ ಕಿಟಕಿಗೆ ಮಂಜುಳಮ್ಮನ ತಾರಸಿ ಅಂಗೈ ಮೇಲಿದ್ದ ಹಾಗೆ ಕಾಣುತ್ತದೆ. ಅಲ್ಲಿ ಹಳೇ ಸೀರೆಯ ಮೇಲೆ ಹಪ್ಪಳ ಒಣಗಿಸಿದ್ದರು. ಹುಡುಗ ಬರಲಿಲ್ಲ. ಕಾಗೆ ಬಂತು. ಒಂದು ಹಪ್ಪಳಕ್ಕೆ ಬಾಯಿ ಹಾಕಿತು. ಕೆಳಗಿನ ಕಿಟಕಿಯಿಂದ ಮಗಳು ‘ಹುಶ್’ ಅಂದದ್ದು ಕೇಳಿಸಿತು. ಅಷ್ಟೇ, ಸೀರೆಯ ಮೇಲಿನ ಹಪ್ಪಳಗಳು ಒಂದೊಂದಾಗಿ ಉಬ್ಬತೊಡಗಿದವು, ಎಣ್ಣೆಗೆ ಬಿಟ್ಟ ಹಾಗೆ. ಕಾಗೆ ಕಿರುಚಿಕೊಂಡು ಹಾರಿತು. ಅದರ ಬಾಲದಿಂದ ಹೊಗೆ ಬರುತ್ತಿತ್ತು.

ಸದ್ದು ಕೇಳಿ ಮಂಜುಳಮ್ಮ ಮೇಲೆ ಬಂದರು. “ಅಯ್ಯೋ, ಬಿಸ್ಲಿಗೇ ಹಪ್ಳ ಸುಟ್ಟೋಗವೆ ಕಣ್ರೀ! ಈ ವರ್ಸ ಎಣ್ಣೆನೇ ಬೇಡ!” ಎಂದವರು ತಲೆಯೆತ್ತಿ, “ಅದ್ಸರಿ ಮಾದೇವಣ್ಣ, ಟ್ಯಾಂಕಿಂದೆ ಏನ್ ಮಾಡ್ತಿದೀರಾ?” ಎಂದರು. ನೀರು ನೋಡುತ್ತಿದ್ದೆ ಎಂದೆ. ಅವರು ನಂಬಲಿಲ್ಲ. ಬೀದಿಯಲ್ಲಿ ಅನುಮಾನದ ರೋಗ ನನಗೊಬ್ಬನಿಗೇ ಅಲ್ಲ ಎಂದು ಸಮಾಧಾನವಾಯಿತು.

ನಾನೂ ಬಿಸಿಲು ಎಂದೇ ಅಂದುಕೊಂಡೆ ಅಕ್ಕ. ಅಂದುಕೊಳ್ಳಲು ಬಹಳ ಕಷ್ಟಪಟ್ಟೆ.

ಅಷ್ಟರಲ್ಲಿ ಅವ್ವನಿಗೆ ಬೇರೆ ಸಾಕ್ಷಿ ಸಿಕ್ಕಿತ್ತು. ಶುಕ್ರವಾರದ ದೃಷ್ಟಿ ತೆಗೆಯುವ ಕೆಲಸವನ್ನು ಅವ್ವ ಇನ್ನೂ ಬಿಟ್ಟಿಲ್ಲ. ಅದೇ ಕಬ್ಬಿಣದ ಸೌಟು, ಅದೇ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ. ನಿವಾಳಿಸಿ ಕೆಂಡಕ್ಕೆ ಸುರಿದಾಗ ನಾವಿಬ್ಬರೂ ಕೆಮ್ಮಿ ಕಣ್ಣೀರು ಸುರಿಸಿದಷ್ಟೂ ಅವ್ವನಿಗೆ ಸಮಾಧಾನವಾಗುತ್ತಿದ್ದದ್ದು ನೆನಪಿದೆಯೇ? ಘಾಟು ಬಂದರೆ ಮಗುವಿಗೆ ಏನೂ ಆಗಿಲ್ಲ. ಘಾಟು ಬರದಿದ್ದರೆ ಯಾರದೋ ಕಣ್ಣು ಬಲವಾಗಿ ತಾಕಿದೆ. ಈ ಬೇಸಿಗೆಯಲ್ಲಿ ಸಿಂಚನಳಿಗೆ ನಿವಾಳಿಸಿದ ಮೆಣಸಿನಕಾಯಿಗೆ ಒಂದು ಸೀನಿನಷ್ಟೂ ಘಾಟಿಲ್ಲ.

“ನೋಡ್ದೇನ್ಲಾ, ಮಗಿನ ಮ್ಯಾಲೆ ಅದೆಂತಾ ಕಣ್ಣು ಬಿದ್ದದೆ!” ಎಂದು ಅವ್ವ ಗೋಡೆಯ ಕಡೆಗೆ, ಅಂದರೆ ಮಂಜುಳಮ್ಮನ ಕಡೆಗೆ ಕೈ ತೋರಿಸಿದಳು. ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. ಕಿಟಕಿ ಮುಚ್ಚಿತು, ತಾರಸಿಗೆ ಬೀಗ ಬಿತ್ತು, ಅವಳು ಬಾಗಿಲಿಗೆ ಬರುವುದೂ ನಿಂತಿತು. ನಾನು ಒಪ್ಪಿಕೊಂಡೆ. ನನಗೆ ಹುಡುಗನ ಅನುಮಾನ, ಅವ್ವನಿಗೆ ಕಣ್ಣಿನ ಅನುಮಾನ. ಎರಡಕ್ಕೂ ಒಂದೇ ಚಿಲಕ ಸಾಕಾಯಿತು. ಅದೇ ವಾರ ನಿಂಗಯ್ಯ ಎಂಬ ಆಟೋದವರಿಗೆ ಗಾಡಿಯ ಹಿಂದೆ ಅಂಟಿಸಲು ‘ಕಂಡವರ ಕಣ್ಣು ತಾಕದಿರಲಿ, ನನ್ನ ಮೂರು ಚಕ್ರ ಸಾಗುತಿರಲಿ’ ಎಂದು ಬರೆದುಕೊಟ್ಟು ಬೆನ್ನು ತಟ್ಟಿಸಿಕೊಂಡೆ.

ಕುಸುಮ ಒಬ್ಬಳೇ ಬೇರೆ ಮಾತಾಡಿದಳು. “ರೀ, ಅವ್ಳನ್ನ ಡಾಕ್ಟ್ರಿಗಾದ್ರೂ ತೋರ್ಸಿ, ಇಲ್ಲಾ ಆಚೆಗಾದ್ರೂ ಬಿಡಿ. ಒಳ್ಗೇ ಇಟ್ಟು ಬೇಯಿಸ್ತಿದೀರಲ್ಲ.” ಇವಳಿಗೇನೋ ಗೊತ್ತಿದೆ, ಮುಚ್ಚಿಡುತ್ತಿದ್ದಾಳೆ ಎಂದು ನನಗೆ ಅವಳ ಮೇಲೂ ಅನುಮಾನ ಬಂತು.

ಹೋದ ಶುಕ್ರವಾರ ದೃಷ್ಟಿ ತೆಗೆಯುವಾಗ ನಾನು ಎದುರಿಗೇ ಕೂತಿದ್ದೆ. ಸಿಂಚನ ಮಣೆಯ ಮೇಲೆ ಕೂತು, “ಸಾಕು ಬುಡಜ್ಜಿ, ದಿನಾ ದಿನಾ ಇದೇನು? ನಂಗೆ ಆಚೆ ಹೋಗ್ಬೇಕು” ಅಂದಳು. ದನಿಯಲ್ಲಿ ಅಳುವಿತ್ತು, ಅದರ ಅಡಿಯಲ್ಲಿ ಸಿಟ್ಟಿತ್ತು.

“ಸುಮ್ಕಿರವ್ವ. ಸೌಟೇ ನೋಡು, ಕಣ್ ಮಿಟುಕಿಸ್ಬೇಡ” ಎಂದು ಅವ್ವ ಸೌಟು ಆಡಿಸಿದಳು.

ಅವಳು ನೋಡಿದಳು. ಸೌಟು ಹೋದ ಕಡೆಗೆಲ್ಲ ಕಣ್ಣು ಹೋಯಿತು. ನಾನು ನೋಡನೋಡುತ್ತಿದ್ದಂತೆ ಕೆಂಪು ಮೆಣಸಿನಕಾಯಿ ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು. ಹೊಗೆಯಿಲ್ಲ, ಸದ್ದಿಲ್ಲ. ಕೆಂಡಕ್ಕೆ ಬೀಳುವ ಮೊದಲೇ ಬೂದಿಯಾದ ಮೆಣಸಿನಕಾಯಿಗೆ ಘಾಟು ಎಲ್ಲಿಂದ ಬರಬೇಕು? ಪೊರೆ ಬಂದ ಕಣ್ಣಿನ ಅವ್ವನಿಗೆ ಇದು ಇಷ್ಟು ದಿನವೂ ಕಂಡಿರಲಿಲ್ಲ. ಕಂಡ ನಾನು ಬಾಯಿ ಬಿಡುವ ಹೊತ್ತಿಗೆ ಸೌಟು ಕೆಂಪಗಾಗಿ, ಅವ್ವ ಕೂಗಿಕೊಂಡು ಅದನ್ನು ಎಸೆದಳು. ಅಂಗೈ ಸುಟ್ಟುಹೋಗಿತ್ತು.

ಕೈಗೆ ನೀರು ಸುರಿಯುತ್ತಿದ್ದರೆ ಅವ್ವ ಹೇಳಿದ್ದೇನು ಗೊತ್ತೇ? “ಆ ಮಂಜುಳನ ಕಣ್ಣು ಗೋಡೆ ದಾಟ್ಕಂಡು ಬತ್ತಾ ಅದೆ ಕಣ್ಲಾ!”

ಮಗಳು ಮೂಲೆಗೆ ಸರಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮಾರನೆಯ ದಿನ ಅವ್ವನ ಕೈಗೆ ಮುಲಾಮು ತರಲು ಸಿಂಚನಳನ್ನೂ ಜೊತೆಗೆ ಕರೆದುಕೊಂಡು ಹೊರಟೆ. ಅವ್ವನ ಹತ್ತಿರ ಒಬ್ಬಳನ್ನೇ ಬಿಡಲು ಧೈರ್ಯವಾಗಲಿಲ್ಲ. ಮೆಡಿಕಲ್ ಸ್ಟೋರಿನ ತಿರುವಿನಲ್ಲಿ ಬೈಕಿನವನೊಬ್ಬ ಬೇಕೆಂದೇ ಹತ್ತಿರ ಬಂದು, ಅವಳ ದುಪಟ್ಟಾ ಎಳೆದು, ಬರೆಯಬಾರದ ಒಂದು ಮಾತು ಆಡಿ ಮುಂದೆ ಹೋದ. ಜೀವಮಾನದಲ್ಲಿ ಮೊದಲ ಸಲ ನನ್ನ ಮಗಳು ಬೀದಿಯಲ್ಲಿ ತಲೆಯೆತ್ತಿದಳು. ಬೈಕಿನ ಹಿಂದಿನ ಟೈರು ಢಮಾರ್ ಎಂದಿತು. ಅವನು ಉರುಳಿದ. ಜನ ಸೇರಿ, “ಬಿಸ್ಲಿಗೆ ಗಾಳಿ ಉಬ್ಬಿ ಒಡ್ದೋಗದೆ” ಎಂದು ತೀರ್ಮಾನಿಸಿದರು. ಅವನ ಕೈ ಮುರಿದಿತ್ತು.

“ನಾನೇನೂ ಮಾಡ್ಲಿಲ್ಲಪ್ಪ” ಅಂದಳು ಸಿಂಚನ. “ಬರೀ ನೋಡ್ದೆ.”

ಕಣ್ಣೀರು ಬಂತು. ಕೆನ್ನೆಗೆ ಇಳಿಯುವ ಮೊದಲೇ ಆರಿಹೋಯಿತು.

ಅವನ ಕೈ ಮುರಿದದ್ದಕ್ಕೆ ನನಗೆ ಮೊದಲು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, ಅವಳು ಟೈರಿನ ಬದಲು ಅವನ ಮುಖವನ್ನು ನೋಡಿದ್ದರೆ ಎಂದು ಹೊಳೆಯಿತು. ಬಂದ ಆ ಯೋಚನೆ ಇನ್ನೂ ವಾಪಸು ಹೋಗಿಲ್ಲ.

ಆಗಲೇ ಅವಳಿಗೆ ಒಂದು ತಂಪು ಕನ್ನಡಕ ಕೊಂಡು ಹಾಕಿಸಿದೆ. ಸಂಜೆಯೊಳಗೆ ಅದರ ಗಾಜು ಗುಳ್ಳೆಯೆದ್ದಿತು. ಬಚ್ಚಲ ಕನ್ನಡಿ ಬಿರುಕು ಬಿಟ್ಟ ಮೇಲೆ ಮನೆಯ ಕನ್ನಡಿಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದ್ದೇನೆ. ಡಾಕ್ಟರಿಗೆ ತೋರಿಸಲು ಭಯ. ಅವರು ಟಾರ್ಚು ಹಾಕಿ ಕಣ್ಣೊಳಗೆ ಇಣುಕುತ್ತಾರಲ್ಲ, ಆಗ ಅವರ ಗತಿ? ಅಥವಾ ಏನೂ ಆಗದೆ, ಅವರು ನಾಲ್ಕು ಜನಕ್ಕೆ ಹೇಳಿದರೆ ಇವಳ ಗತಿ?

ಅದಕ್ಕೇ ಕೇಳುತ್ತಿದ್ದೇನೆ ಅಕ್ಕ. ಜೂನಿನಲ್ಲಿ ಕಾಲೇಜು ಶುರುವಾಗುವವರೆಗೆ, ಬೇಕಾದರೆ ಆಮೇಲೂ, ಅವಳನ್ನು ನೀನು ಇಟ್ಟುಕೊಳ್ಳುತ್ತೀಯಾ? ನಿನ್ನ ಮನೆಯ ಹಿಂದೆ ಬಾವಿಯಿದೆ, ಬಯಲಿದೆ, ದೂರದವರೆಗೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಹೆಣ್ಣುಮಗುವಿಗೆ ಗಾಳಿ ಬದಲಾದರೆ ಒಳ್ಳೆಯದು. ಅವ್ವನಿಗೂ ಕೈ ವಾಸಿಯಾಗಲು ಬಿಡುವು ಸಿಗುತ್ತದೆ. ಕುಸುಮಳಿಗೆ ಹೇಳಿದ್ದಕ್ಕೆ, “ಅವ್ಳೇನು ಗ್ಯಾಸ್ ಸಿಲಿಂಡ್ರಾ, ಸೋರ್ತಿದೆ ಅಂತ ಎತ್ತಿ ಆಚೆ ಇಡೋಕೆ?” ಎಂದು ಬೆನ್ನು ತಿರುಗಿಸಿ ಮಲಗಿದಳು. ನೀನು ಬಂದು ಕರೆದರೆ ಒಪ್ಪುತ್ತಾಳೆ. ಇದೆಲ್ಲ ಸಿಂಚನಳ ಒಳ್ಳೆಯದಕ್ಕೇ ಎಂದು ನೀನಾದರೂ ಹೇಳು.

ಭಾವನಿಗೆ ನನ್ನ ನಮಸ್ಕಾರ. ಅವರಿಗೆ ಓದಲು ಕೊಡಬೇಡ. ನಿನ್ನ ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ. ಈ ಮಾತನ್ನು ಮೊದಲೂ ಬರೆಯುತ್ತಿದ್ದೆ, ಈಗ ಅರ್ಥವಿಟ್ಟು ಬರೆಯುತ್ತಿದ್ದೇನೆ.

ನಿನ್ನ ಪ್ರೀತಿಯ ತಮ್ಮ,
ಮಹದೇವ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಮೇಲೆ ಕೊಟ್ಟ ಕಾರಣಗಳು ನನ್ನ ಲಗ್ನಪತ್ರಿಕೆಯ ಪ್ರಾಸಗಳ ಹಾಗೆ. ಚೆನ್ನಾಗಿ ಕೂತಿವೆ, ಅಷ್ಟೇ.

ಇವತ್ತು ಬೆಳಿಗ್ಗೆ ಜಡೆ ಹೆಣೆದು ಮುಗಿಸಿದಾಗ ಸಿಂಚನ ನನ್ನ ಕಡೆ ತಿರುಗಿ ಎಂದಿನಂತೆ, “ಅಪ್ಪಾ, ಬೊಟ್ಟು ಸರಿಯಾಗಿದ್ಯಾ?” ಅಂದಳು. ನಾನು ಕೈಯಲ್ಲಿದ್ದ ಬಾಚಣಿಗೆಯನ್ನು ನೋಡುತ್ತಾ, “ಸರಿಯಾಗಿದೆ ಮಗಳೇ” ಅಂದೆ.

“ನಾನು ಬೊಟ್ಟು ಇಟ್ಕೊಂಡೇ ಇಲ್ಲಪ್ಪ” ಅಂದಳು.

ನಾನು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸುತ್ತಾ ನಿಂತೆ.

“ಕಣ್ ಮುಚ್ಕೊಂಡಿದೀನಿ” ಅಂದಳು. “ಈಗ ನೋಡು. ಏನೂ ಆಗಲ್ಲ.”

ತಲೆಯೆತ್ತಿದೆ. ಕಣ್ಣು ಎಷ್ಟು ಬಿಗಿಯಾಗಿ ಮುಚ್ಚಿದ್ದಳೆಂದರೆ ರೆಪ್ಪೆಗಳು ಅದುರುತ್ತಿದ್ದವು. ಬೊಟ್ಟಿನ ಹಾಳೆಯನ್ನು ನನ್ನ ಕಡೆಗೆ ಹಿಡಿದಿದ್ದಳು. ಒಂದು ಬಿಡಿಸಿ ಅವಳ ಹಣೆಗೆ ಇಟ್ಟೆ.

“ಸರಿಯಾಗಿದ್ಯಾ?”

ಸೊಟ್ಟಗಿತ್ತು. ಸರಿಯಾಗಿದೆ ಅಂದೆ. ಈ ಸಲದ್ದು ನೋಡಿ ಹೇಳಿದ ಸುಳ್ಳು, ಅಕ್ಕ.