ಪೆಡಲ್ ಮೇಲಿನ ಕಾಲು

ಭಾನುವಾರ, ಮಾರ್ಚ್ 9

ರೇಸ್ ಮುಗಿದು ಅರ್ಧ ಗಂಟೆಯಾಗಿಲ್ಲ, ಆಗಲೇ ದೂರು. ಒಬ್ಬನಿಗೆ ಹಿಂದಿನಿಂದ ಗುದ್ದಿದರಂತೆ. ಇನ್ನೊಬ್ಬನಿಗೆ ಇಂಟರ್ನೆಟ್ ಕೈಕೊಟ್ಟಿತಂತೆ. ಮನೆಯಲ್ಲೇ ಸ್ಟೀರಿಂಗ್, ಪೆಡಲ್ ಜೋಡಿಸಿಕೊಂಡು ಕಂಪ್ಯೂಟರಿನಲ್ಲಿ ಓಡಿಸುವ ಕಾರಿಗೂ ಇಷ್ಟು ಜಗಳ! ವಾರವಿಡೀ ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ, ಭಾನುವಾರ ಈ ಆನ್‌ಲೈನ್ ಲೀಗಿನ ತೀರ್ಪುಗಾರ್ತಿ. ಸಂಬಳವಿಲ್ಲ, ಬೈಗುಳ ಬೇಕಾದಷ್ಟು.

ಇವತ್ತು ಯಾರು ಬೈದರೂ ನಗುತ್ತೇನೆ. ತಮ್ಮ ಚಾಂಪಿಯನ್! ಗೆದ್ದವರಿಗೆ 19ಕ್ಕೆ ಒಂದು ರೇಸಿಂಗ್ ತಂಡದವರು ನಿಜವಾದ ಟ್ರ್ಯಾಕಿನಲ್ಲಿ ನಿಜವಾದ ರೇಸ್ ಕಾರು ಕೊಡುತ್ತಾರೆ. ಚೆನ್ನಾಗಿ ಓಡಿಸಿದರೆ ತಂಡದಲ್ಲಿ ಜಾಗ. ಯಾವ ಕೆಲಸದಲ್ಲೂ ನಿಲ್ಲದವನು ಕೊನೆಗೂ ದಡ ಸೇರಿದ.

ಇವರು ಡ್ಯೂಟಿ ಮುಗಿಸಿ ಬಂದರು. ಭಾನುವಾರ ಮಧ್ಯಾಹ್ನದ ಆಂಬುಲೆನ್ಸ್ ಇವರ ತಲೆಗೇ ಯಾಕೆ ಕಟ್ಟುತ್ತಾರೋ. ಸುದ್ದಿ ಹೇಳಿದರೆ "ಹೌದಾ, ಒಳ್ಳೇದಾಯ್ತು" ಅಂದು ಸ್ನಾನಕ್ಕೆ ಹೋದರು. ಅಷ್ಟೇ! ಊಟ ಮಾಡುವಾಗ ಮಾತ್ರ — "19ಕ್ಕೆ ಟ್ರ್ಯಾಕ್ ಹತ್ರ ಆಂಬುಲೆನ್ಸ್ ನಿಲ್ಸಬೇಕಂತೆ. ಆ ಡ್ಯೂಟಿ ನಾನೇ ಕೇಳಿ ಹಾಕಿಸ್ಕೋತೀನಿ." ಬಾಯಿ ಬಿಟ್ಟು ಹೇಳದಿದ್ದರೂ ಭಾಮೈದನ ಮೇಲೆ ಎಷ್ಟು ಪ್ರೀತಿ.

ಸೋಮವಾರ, 10

ಎರಡನೇ ಸ್ಥಾನ ಬಂದ ಬೇಕರಿ ಹುಡುಗಿಯ ಫೋನ್.

"ಮೇಡಂ, ನಿಮ್ಮ ತಮ್ಮ ಅಂತ ಗೊತ್ತು. ಆದ್ರೂ ಹೇಳ್ತೀನಿ. ಪ್ರಾಕ್ಟೀಸಲ್ಲಿ ಮೈಕ್ ಸಿಕ್ರೆ ಬಾಯಿ ಮುಚ್ಚಲ್ಲ, ರೇಸಲ್ಲಿ ಉಸಿರೇ ಇಲ್ಲ. ಪ್ರಾಕ್ಟೀಸಲ್ಲಿ ಗೋಡೆಗೆ ಗುದ್ದೋನು ರೇಸಲ್ಲಿ ಬೆಣ್ಣೆ ಥರ ಓಡಿಸ್ತಾನೆ. ಹೆಂಗೆ?"

"ಸೋತಿದ್ದಕ್ಕೆ ಹೊಟ್ಟೆ ಉರೀನಾ?" ಅಂದುಬಿಟ್ಟೆ.

"ಉರೀತಿದೆ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಆ ಕಾರಲ್ಲಿ ಕೂರ್ಬೇಕು ಅಂತ ನಾನೂ ಕಾಯ್ತಿದ್ದೆ. ಅದಕ್ಕೇ ಕೇಳ್ತಿರೋದು."

ಏನು ಬಾಯಿ! ಫೋನ್ ಇಟ್ಟೆ. ದಿನವಿಡೀ ಮೈ ಪರಚಿಕೊಳ್ಳುವಷ್ಟು ಸಿಟ್ಟು.

ಶುಕ್ರವಾರ, 14

ಲೀಗ್ ನಡೆಸುವ ಮೇಷ್ಟ್ರು ಕೊನೆಯ ರೇಸಿನ ಪೆಡಲ್ ವಿಡಿಯೋ ಕಳಿಸಿದರು. ಈ ನಿಯಮ ನಾನೇ ತಂದದ್ದು. ಮೊದಲ ಹತ್ತು ಜನ ರೇಸ್ ಓಡಿಸುವಾಗ ಕಾಲಿನ ಹತ್ತಿರ ಮೊಬೈಲ್ ಇಟ್ಟು ಚಿತ್ರೀಕರಿಸಬೇಕು, ಬ್ರೇಕ್ ಒತ್ತಿದ್ದು ಕಾಲೋ ಯಾವುದಾದರೂ ಕಳ್ಳ ಸಾಫ್ಟ್‌ವೇರೋ ತಿಳಿಯಲಿ ಅಂತ. ಪಕ್ಷಪಾತ ಬೇಡವೆಂದು ಹೆಸರು ಮುಚ್ಚಿ ಕಳಿಸುತ್ತಾರೆ. ಹತ್ತು ಜೋಡಿ ಕಾಲು, ಮುಖವಿಲ್ಲ, ಹೆಸರಿಲ್ಲ.

ಆರನೆಯದು. ಬೂದು ಕಾಲುಚೀಲ. ಹೆಬ್ಬೆರಳ ಹತ್ತಿರ ಕೆಂಪು ದಾರದ ಹೊಲಿಗೆ.

ಆ ಹೊಲಿಗೆ ನನ್ನದು! ಇವರ ಕಾಲುಚೀಲ ಹೊಲಿಯುವಾಗ ಬೂದು ದಾರ ಮುಗಿದಿತ್ತು.

ಜೋರಾಗಿ ನಕ್ಕುಬಿಟ್ಟೆ. ಅಯ್ಯೋ ಕಳ್ಳ! ಡ್ಯೂಟಿ ಅಂತ ಹೇಳಿ ಯಾವುದೋ ಅಡ್ಡಹೆಸರಲ್ಲಿ ನಮ್ಮ ಲೀಗಲ್ಲೇ ಆಡುತ್ತಿದ್ದಾರೆ! ಮೇಷ್ಟ್ರಿಗೆ ಫೋನ್ ಮಾಡಿದೆ. "ಆರನೇದು ಯಾರದು ಹೇಳಿ ಮೇಷ್ಟ್ರೇ, ಒಂದು ತಮಾಷೆ ಇದೆ."

"ಹೇಳಬಾರದು... ಇರಲಿ. ನಿಮ್ಮ ತಮ್ಮಂದೇ ಕಣಮ್ಮ. ಯಾಕೆ?"

ಯಾಕೂ ಇಲ್ಲ ಅಂದೆ. ತಮ್ಮ ಇವರ ಕಾಲುಚೀಲ ಹಾಕಿಕೊಂಡಿರಬಹುದು... ಹಾಗೇ ಇರಲಿ ದೇವರೇ. ಬ್ರೇಕಿನ ಗ್ರಾಫ್ ತೆಗೆದೆ. ಗಟ್ಟಿಯಾಗಿ ಒತ್ತಿ, ಆಮೇಲೆ ಎಳೆ ಬಿಡಿಸಿದ ಹಾಗೆ ಬಿಡುವುದು. ಪ್ರತಿ ತಿರುವಿನಲ್ಲೂ. ಹಿಂದೆ ಮಲಗಿದ ರೋಗಿಯ ತಲೆ ಅಲುಗಬಾರದೆಂದು ಇವರಿಗೆ ಬಂದ ಅಭ್ಯಾಸ ಅದು. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತವಳು ನಾನು. ಗೊತ್ತಾಗದೇ ಇರುತ್ತದೆಯೇ?

ಶನಿವಾರ, 15

ಕಾಲುಚೀಲ ಮೇಜಿನ ಮೇಲಿಟ್ಟೆ. ಇವರು ನೋಡಿದರು.

"ಎಷ್ಟು ರೇಸ್ ರೀ?"

"...ಎಲ್ಲಾ."

ಇಡೀ ಸೀಸನ್! ಪ್ರತಿ ಭಾನುವಾರ ತಮ್ಮನ ಬಾಡಿಗೆ ರೂಮಿಗೆ ಹೋಗಿ, ಅವನ ಸೀಟಿನಲ್ಲಿ ಕೂತು, ಅವನ ಹೆಸರಲ್ಲಿ...

"ಒಂದೇ ಒಂದ್ಸಲ ಭಾವ ಅಂದ. ನಿನ್ನ ಮುಖ ನೋಡಿ ಒಪ್ಕೊಂಡೆ. ಆಮೇಲೆ... ನಂಗೇ ಬಿಡಕ್ಕಾಗ್ಲಿಲ್ಲ. ಆಂಬುಲೆನ್ಸ್ ಎಷ್ಟೇ ಜೋರಾಗಿ ಓಡಿಸಿದ್ರೂ ಯಾರು ಚಪ್ಪಾಳೆ ಹೊಡೀತಾರೆ ಹೇಳು?"

ಒಂದು ಕ್ಷಣ ಅಯ್ಯೋ ಅನಿಸಿತು. ಆಮೇಲೆ 19ನೇ ತಾರೀಖು ನೆನಪಾಯಿತು. "ಅವನಿಗೆ ಓಡಿಸೋಕೇ ಬರಲ್ಲ ಅಲ್ವಾ?"

"ಬರಲ್ಲ."

"ಗೊತ್ತಿದ್ದೂ ಆ ಡ್ಯೂಟಿ ಕೇಳಿ ಹಾಕಿಸ್ಕೊಂಡ್ರಾ? ಅವನು ಗುದ್ದಲಿ, ನಾನು ಎತ್ಕೊಂಡು ಹೋಗ್ತೀನಿ ಅಂತಾನಾ?"

ಕಾಲುಚೀಲ ತೆಗೆದು ಜೇಬಿಗೆ ತುರುಕಿದರು. ಅದೇ ಉತ್ತರ. ನಾನು ಅದನ್ನು ಪ್ರೀತಿ ಅಂತ ಬರೆದಿದ್ದೆನಲ್ಲ ಇಲ್ಲೇ, ಮೇಲೆ!

ಭಾನುವಾರ, 16

ತಮ್ಮ ಬಂದ. ಅತ್ತ. ನಾನೂ ಅತ್ತೆ. "ತಂಡದವ್ರಿಗೆ ನಾನೇ ಬಾಯಿಬಿಟ್ಟು ಹೇಳ್ತೀನಿ ಅಕ್ಕ, ನೀನು ಹೇಳಿದ್ರೆ ನನ್ನ ಮಾನ ಹೋಗುತ್ತೆ. ಮಂಗಳವಾರದೊಳಗೆ. ನಿನ್ನಾಣೆ." ಒಪ್ಪಿದೆ. ಅವನ ಗೆಲುವು ರದ್ದು ಎಂದು ತೀರ್ಪು ಬರೆದಿಟ್ಟಿದ್ದೇನೆ. ಕಳಿಸಿಲ್ಲ.

ಮಂಗಳವಾರ, 18

"ಹೇಳಾಯ್ತು ಅಕ್ಕ. ಕಾರು ಬೇಕರಿ ಹುಡುಗಿಗೇ ಕೊಡ್ತಾರಂತೆ." ಪಾಪ, ದನಿ ಎಷ್ಟು ತಣ್ಣಗಿತ್ತು. ಬೆನ್ನು ತಟ್ಟಬೇಕೆನಿಸಿತು.

ಬುಧವಾರ, 19 — ಬೆಳಿಗ್ಗೆ ಹತ್ತು

ಕ್ಷಮೆ ಕೇಳೋಣವೆಂದು ಬೇಕರಿ ಹುಡುಗಿಗೆ ಫೋನ್ ಮಾಡಿದೆ. ಹಿಂದೆ ಒಲೆಯ ಸದ್ದು, ಗಿರಾಕಿಗಳ ಗಲಾಟೆ.

"ಯಾವ ಕಾರು ಮೇಡಂ? ನಂಗ್ಯಾರೂ ಏನೂ ಹೇಳಿಲ್ವಲ್ಲ."

ನನ್ನಾಣೆ ಹಾಕಿದ್ದ! ತಮ್ಮನ ಫೋನ್ ಸ್ವಿಚ್ ಆಫ್. ಮೇಷ್ಟ್ರಿಗೆ ತೀರ್ಪು ಕಳಿಸಿದೆ, ತಂಡದವರಿಗೆ ಈಗಲೇ ಹೇಳಿ ಎಂದು ಕೂಗಿದೆ. ತಂಡದವರು ಯಾರೂ ಫೋನ್ ಎತ್ತುತ್ತಿಲ್ಲವಂತೆ. ಇವರಿಗೆ ಮಾಡಿದೆ.

"ಅವನು ಕಾರಲ್ಲಿ ಕೂತಾಯ್ತು ಕಣೇ. ಹೆಲ್ಮೆಟ್ ಹಾಕ್ಕೊಂಡ."

"ನಿಲ್ಸಿ ರೀ!"

ಬಾಗಿಲು ಬಡಿದ ಸದ್ದು. ಇಂಜಿನ್. ಸೈರನ್. ಯಾರೋ ಬೈಯುತ್ತಿದ್ದಾರೆ. ಮತ್ತೆ ಇವರ ದನಿ, ಏದುಸಿರು.

"ಟ್ರ್ಯಾಕ್ ಬಾಗಿಲಿಗೆ ಆಂಬುಲೆನ್ಸ್ ಅಡ್ಡ ಹಾಕಿದೀನಿ. ಎಲ್ರೂ ಓಡ್ಬರ್ತಿದಾರೆ. ಕೆಲಸ ಹೋಯ್ತು ಅಂತ ಇಟ್ಕೋ. ಏನು ಹೇಳ್ಲಿ ಇವ್ರಿಗೆ?"

"ನಿಜ ಹೇಳಿ."

ಫೋನ್ ಇಡಲಿಲ್ಲ ಇವರು. ದೂರದಲ್ಲಿ ತಮ್ಮ ಕಿರುಚುತ್ತಿದ್ದಾನೆ — "ಭಾವಾ, ಬೇಡ ಭಾವಾ!" ಇನ್ನೂ ಲೈನಿನಲ್ಲೇ ಇದ್ದೇನೆ, ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಈ ಪೆನ್ನು. ಈಗ ಇವರ ದನಿ. "ಸರ್, ಆ ರೇಸ್ ಗೆದ್ದೋನು ಇವನಲ್ಲ, ಗೆದ್ದೋನು —"